ಸೀಸದ ಗುಂಡು ಮತ್ತು ನಮ್ಮ ಪಿತ್ತಜನಕಾಂಗ



ನಮ್ಮಪ್ಪ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನು ಮನೇಲೇ ಎರಕ ಹೊಯ್ಯುತ್ತಿದ್ದರು. ಹಳೇ ಬ್ಯಾಟರಿಯ ಸೀಸವನ್ನು ಒಲೆ ಮೇಲಿಟ್ಟರೆ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಕನ್ನಡಿ ಹಾಗೆ ಹೊಳೆಯುತ್ತದೆ. ಗುಂಡನ್ನು ಹಲ್ಲಲ್ಲಿ ಕಚ್ಚಿ ದಾರಕ್ಕೆ ಬಿಗಿಯೋದು ನನ್ನ ಕೆಲಸ. ತಂಗಿ ಪಕ್ಕದಲ್ಲೇ ಕೂತು ಚೂರುಗಳನ್ನು ಆಯುತ್ತಿದ್ದಳು, ಬಾಯಿಗೂ ಹಾಕಿಕೊಳ್ಳುತ್ತಿದ್ದಳು. ವಿಜ್ಞಾನದ ಮೇಷ್ಟ್ರು "ಸೀಸ ವಿಷ ಕಣೋ" ಅಂದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡಿ. ಸೀಸದಕಡ್ಡಿ ಅಂತೀವಲ್ಲ, ಆ ಪೆನ್ಸಿಲ್‌ನಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್, ಅಂದರೆ ಇಂಗಾಲ.

ಸೀಸ ಕರಗಿಸುವಾಗ ಏಳುವ ಹೊಗೆ ಮತ್ತು ಧೂಳು ಉಸಿರಿನಿಂದ ಒಳಗೆ ಹೋಗುತ್ತದೆ. ಕೈ ತೊಳೆಯದೆ ಉಂಡರೆ ಹೊಟ್ಟೆಗೂ ಹೋಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದಂತೆ.

ಕರುಳಿನಿಂದ ಹೊರಟ ರಕ್ತ ಮೊದಲು ಸೇರುವುದು ಪಿತ್ತಜನಕಾಂಗಕ್ಕೆ. ಊರೊಳಗೆ ಬಂದ ಸರಕೆಲ್ಲ ಮೊದಲು ಚೆಕ್‌ಪೋಸ್ಟ್‌ನಲ್ಲಿ ನಿಂತ ಹಾಗೆ. ವಿಷ ಕಳೆಯಲು ಅಲ್ಲಿನ ಜೀವಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ಗಂಧಕವಿರುವ ವಸ್ತು ಇರುತ್ತದೆ. ಸೀಸಕ್ಕೆ ಗಂಧಕ ಅಂದರೆ ಬಲು ಅಂಟು. ಅದು ಈ ಕಾವಲುಗಾರನನ್ನೇ ಹಿಡಿದು ಕೂರುತ್ತದೆ. ಆಗ ಕೋಶದ ಪೊರೆಗೆ ಪೆಟ್ಟು ಬೀಳುತ್ತದೆ.

ಇನ್ನೊಂದು ಮೋಸ ಕೇಳಿ. ರಕ್ತಕ್ಕೆ ಬೇಕಾದ ಹೀಮ್ ತಯಾರಾಗಲು ಒಂದು ಕಿಣ್ವ ಬೇಕು, ಅದರೊಳಗೆ ಸತು ಇರುತ್ತದೆ. ಸೀಸ ಆ ಸತುವನ್ನು ತಳ್ಳಿ ತಾನು ಕೂತುಬಿಡುತ್ತದೆ. ಕಿಣ್ವ ಕೆಲಸ ನಿಲ್ಲಿಸುತ್ತದೆ, ಹೀಗೇ ಹೆಚ್ಚಾದರೆ ರಕ್ತಹೀನತೆ ಬರುತ್ತದೆ. ವಿಷ ಕಳೆಯುವ ಪಿತ್ತಜನಕಾಂಗದ ಕೆಲವು ಕಿಣ್ವಗಳಿಗೂ ಹೀಮ್ ಬೇಕು.

ನನಗೆ ತುಂಬಾ ಆಶ್ಚರ್ಯವಾದದ್ದು ಇಲಿಗಳ ಪ್ರಯೋಗ. ಇಲಿಯ ಪಿತ್ತಜನಕಾಂಗದ ಮೂರರಲ್ಲಿ ಎರಡು ಪಾಲು ಕತ್ತರಿಸಿದರೂ ಅದು ಬೆಳೆದು ಮೊದಲಿನ ತೂಕಕ್ಕೆ ಬರುತ್ತದೆ. ಅಲ್ಲಿ ನಷ್ಟ ತುಂಬಲು ಕೋಶಗಳು ವಿಭಜಿಸುತ್ತವೆ. ಆದರೆ ಸೀಸದ ನೈಟ್ರೇಟನ್ನು ಒಂದೇ ಸಲ ಚುಚ್ಚಿದರೆ, ಏನೂ ಕತ್ತರಿಸದೇ ಕೋಶಗಳು ವಿಭಜಿಸಿ ಅಂಗವೇ ದೊಡ್ಡದಾಗುತ್ತದೆ! ಆಮೇಲೆ ಹೆಚ್ಚಾದ ಕೋಶಗಳು ತಾವಾಗೇ ಸಾಯುತ್ತವೆ, ಅಂಗ ಮೊದಲಿನ ಗಾತ್ರಕ್ಕೆ ಇಳಿಯುತ್ತದೆ. ಬೆಳವಣಿಗೆ ಅಂದರೆಲ್ಲ ಒಳ್ಳೇದಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಬೇಡದಾಗ "ಬೆಳೆ" ಅನ್ನೋದೂ ಅಂಗಾಂಶಕ್ಕೆ ಸುಳ್ಳು ಸುದ್ದಿಯೇ.

ಮಕ್ಕಳಲ್ಲಿ ಕಥೆ ಬೇರೆ. ಸೀಸ ಸುಣ್ಣದ ಅಂಶದ ವೇಷದಲ್ಲಿ ಮೂಳೆ ಸೇರಿ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಎತ್ತರ ಕುಂಠಿತವಾಗಬಹುದು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಮೆದುಳಿಗೆ, ಪಾಠ ತಲೆಗೆ ಹತ್ತೋದು ಕಷ್ಟವಾಗುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವಂಥ ಸುರಕ್ಷಿತ ಪ್ರಮಾಣವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಲ್ಲಿಸಿದರು.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. "ನಮ್ಮಪ್ಪನೂ ಇದನ್ನೇ ಮಾಡಿದ್ದು" ಅಂದರು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪೇಟೆಯಿಂದ ಕಬ್ಬಿಣದ ಉಂಗುರ ತಂದು ಬಲೆಗೆ ಕಟ್ಟಿದರು. ಸೀಸ ನೀರಿಗಿಂತ 11 ಪಟ್ಟು ಭಾರ, ಕಬ್ಬಿಣ 8 ಪಟ್ಟಿನ ಹತ್ತಿರ. ಬಲೆ ಸ್ವಲ್ಪ ನಿಧಾನ ಮುಳುಗುತ್ತದೆ, ಮೀನು ತಪ್ಪಿಸಿಕೊಳ್ಳುತ್ತವೆ ಅಂತ ಈಗಲೂ ಗೊಣಗುತ್ತಾರೆ. ಆದರೂ ಸೀಸಕ್ಕೆ ಹೋಗಿಲ್ಲ. ತಂಗಿಯ ರಕ್ತವನ್ನು ಪರೀಕ್ಷೆಗೆ ಕೊಟ್ಟಿದ್ದೇವೆ, ವರದಿ ಇನ್ನೂ ಬಂದಿಲ್ಲ.

ಗೆಳೆಯರೇ, ನಿಮ್ಮ ಮನೇಲಿ ಹಳೇ ಬ್ಯಾಟರಿ ಒಡೆಯುತ್ತಾರಾ? ಕಲಾಯಿ ಹಾಕುವಾಗ ತವರಕ್ಕೆ ಸೀಸ ಬೆರೆಸುತ್ತಾರಾ? ಕೇಳಿ ನೋಡಿ. ಹುಳಿ ಸಾರು ಅಂಥ ಕಲಾಯಿಯ ಸೀಸವನ್ನು ಕರಗಿಸುತ್ತದೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ರಾಗಿ, ಸೊಪ್ಪು, ಹಾಲು ತಪ್ಪದೆ ತಿನ್ನಿ, ಸುಣ್ಣ ಮತ್ತು ಕಬ್ಬಿಣದ ಅಂಶ ಸಾಕಷ್ಟಿದ್ದರೆ ದೇಹ ಸೀಸವನ್ನು ಕಡಿಮೆ ಹೀರುತ್ತದೆ. ಗುಂಡು ಮಾತ್ರ ಹಲ್ಲಲ್ಲಿ ಕಚ್ಚಬೇಡಿ.

– ಒಂಬತ್ತನೇ ತರಗತಿ