ಮಣ್ಣಿಗೆ ಒತ್ತಡ, ಉಪ್ಪಿಗೆ ನೀರು

ಪ್ರೆಶರ್ ವಾಷರ್ ಈಗ ನಮ್ಮ ಕಡೆ ಹಲವು ಕೃಷಿಕರ ಮನೆಗೆ ಬಂದಿದೆ. ಹಟ್ಟಿ ತೊಳೆಯಲು, ಅಂಗಳದ ಪಾಚಿ ತೆಗೆಯಲು ಅಂತ ತಂದದ್ದು. ಕೊನೆಗೆ ಕಾರು, ಪಿಕಪ್, ಟಿಲ್ಲರ್ ತೊಳೆಯುವುದಕ್ಕೇ ಹೆಚ್ಚು ಬಳಕೆ. ಆದರೆ ಕರಾವಳಿಯಲ್ಲಿ ವಾಹನವನ್ನು ತಿನ್ನುವುದು ಮೇಲೆ ಕಾಣುವ ಧೂಳಲ್ಲ, ಅಡಿಯಲ್ಲಿ ಕಾಣದೆ ಕೂತ ಮಣ್ಣು ಮತ್ತು ಉಪ್ಪು. ಇವೆರಡನ್ನು ತೆಗೆಯುವ ಕ್ರಮ ಬೇರೆ ಬೇರೆ. ಅಷ್ಟು ತಿಳಿದುಕೊಂಡರೆ ನೀರೂ ಉಳಿತಾಯ, ವಾಹನದ ಆಯುಷ್ಯವೂ ಹೆಚ್ಚು.

ಉಪ್ಪು ಬರುವುದೆಲ್ಲಿಂದ?

ಬೈಂದೂರಿನಿಂದ ಬ್ರಹ್ಮಾವರದ ತನಕ ನಮ್ಮೆಲ್ಲರ ಓಡಾಟ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಮಳೆಗಾಲದ ಗಾಳಿಗೆ ತೆರೆಯ ಹನಿ ರಸ್ತೆಗೇ ಹಾರುತ್ತದೆ. ಮೀನು ಲಾರಿ ಮುಂದೆ ಹೋಗುತ್ತಿದ್ದರೆ ಅದರಿಂದ ಸೋರಿದ ಉಪ್ಪು ನೀರು ನಮ್ಮ ಚಕ್ರಕ್ಕೆ ಸಿಕ್ಕಿ ಅಡಿಗೆ ಎರಚುತ್ತದೆ.

ಉಪ್ಪಿನ ಭರಣಿ ಆಷಾಢದಲ್ಲಿ ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಚಾಸಿಸ್‌ನಲ್ಲಿ ಕೂತ ಉಪ್ಪಿನದ್ದೂ ಅದೇ ಕತೆ: ಕಬ್ಬಿಣವನ್ನು ಒಣಗಲು ಬಿಡುವುದಿಲ್ಲ. ಅದರ ಮೇಲೆ ಗದ್ದೆಯ ಕೆಸರು ಮೆತ್ತಿದರೆ ಒದ್ದೆ ಗೋಣಿ ಹೊದೆಸಿದ ಹಾಗೆ. ತುಕ್ಕಿಗೆ ಇನ್ನೇನು ಬೇಕು?

"ಎಂತಕ್ ಮರಾಯ್ರೆ ನೀರ್ ಖರ್ಚ್? ಮಳಿ ಇತ್ತಲ್ದಾ?" ಅಂತ ನೆರೆಯವರೊಬ್ಬರು ಕೇಳಿದರು. ಮಳೆ ತೊಳೆಯುವುದು ಮಾಡನ್ನು ಮಾತ್ರ. ಅಡಿಗೆ ಮಳೆ ಬೀಳುವುದಿಲ್ಲ, ಚಕ್ರ ಎರಚಿದ ರಾಡಿ ಬೀಳುತ್ತದೆ.

ಒತ್ತಡದ ಲೆಕ್ಕ

ನೀರಿನ ಟಾಂಕಿ 5 ಮೀಟರ್ ಎತ್ತರದಲ್ಲಿದ್ದರೆ ನಳ್ಳಿಗೆ ಬರುವ ಒತ್ತಡ ಸುಮಾರು ಅರ್ಧ ಬಾರ್. ಮನೆಬಳಕೆಯ ಪ್ರೆಶರ್ ವಾಷರಿನದ್ದು 100 ಬಾರ್‌ನ ಆಸುಪಾಸು. ಆದರೆ ನೀರು ಕಡಿಮೆ. ನಮ್ಮ ಯಂತ್ರಕ್ಕೆ 20 ಲೀಟರಿನ ಬಕೆಟ್ ಹಿಡಿದು ನೋಡಿದೆ, ತುಂಬಲು ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚೇ ಬೇಕಾಯಿತು. ಅಂದರೆ ನಿಮಿಷಕ್ಕೆ ಆರು ಲೀಟರ್. ಅದೇ ಬಕೆಟ್ ಬಾವಿಯ ಪಂಪಿನ ಪೈಪಿಗೆ ಒಂದು ನಿಮಿಷದೊಳಗೆ ತುಂಬಿತು.

ವಿಷಯ ಇಲ್ಲೇ ಇರುವುದು. ಒತ್ತಡ ಮಣ್ಣನ್ನು ಎಬ್ಬಿಸುತ್ತದೆ. ಉಪ್ಪು ಹೋಗುವುದು ಪೆಟ್ಟಿಗಲ್ಲ, ಕರಗಿ ಹರಿದು ಹೋಗಬೇಕು. ಅದಕ್ಕೆ ಬೇಕಾದ್ದು ನೀರು ಮತ್ತು ಸ್ವಲ್ಪ ಸಮಯ.

ತೊಳೆಯುವ ಕ್ರಮ

ಬಿಸಿಲಿನಲ್ಲಿ ಬೇಡ. ಓಡಿ ಬಂದ ಎಂಜಿನ್, ಬ್ರೇಕ್ ತಣಿಯಲಿ. ಮೊದಲು ಪೈಪಿನಿಂದ ಪೂರ್ತಿ ಒದ್ದೆ ಮಾಡಿ ಹತ್ತು ನಿಮಿಷ ಬಿಡಿ. ಒಣಗಿದ ಕೆಸರು ನೆನೆದರೆ ಅರ್ಧ ಕೆಲಸ ಆದಂತೆ. ಒಣ ಮಣ್ಣಿಗೆ ನೇರ ಒತ್ತಡ ಕೊಟ್ಟರೆ ಅದರ ಹರಳೇ ಬಣ್ಣವನ್ನು ಗೀರುತ್ತದೆ.

ಆಮೇಲೆ ವಾಷರ್. ಶುರು ಅಡಿಯಿಂದ. ಚಕ್ರದ ಮೇಲಿನ ಗೂಡು, ಮಡ್‌ಗಾರ್ಡಿನ ಒಳಮಗ್ಗುಲು, ಚಾಸಿಸ್ ಪಟ್ಟಿಯ ಸಂದು ಇವು ಮಣ್ಣು ಅಡಗುವ ಜಾಗ. ಇಳಿದು ಬರುವ ನೀರು ತಿಳಿಯಾಗುವ ತನಕ ಬಿಡಿ. ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳುಂಟು. ಅವು ಕಟ್ಟಿದರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕಡ್ಡಿ ಹಾಕಿ ಬಿಡಿಸಿ.

ಮೇಲ್ಭಾಗಕ್ಕೆ ಮಾಡಿನಿಂದ ಕೆಳಕ್ಕೆ ಬನ್ನಿ. ನೀರು ಬೀಸಣಿಗೆಯ ಹಾಗೆ ಅಗಲವಾಗಿ ಬೀಳುವ ಮೂತಿಯೇ ಬೇಕು, ಸೂಜಿಯಂತೆ ಬರುವುದು ಬೇಡ. ಎರಡು ಅಡಿ ದೂರದಿಂದ ಶುರು ಮಾಡಿ, ಒಂದು ಅಡಿಗಿಂತ ಹತ್ತಿರ ಒಯ್ಯಬೇಡಿ. ಗನ್ ಒಂದೇ ಕಡೆ ನಿಲ್ಲಬಾರದು. ಬಣ್ಣ ಎದ್ದ ಜಾಗ ಇದ್ದರೆ ಅಲ್ಲಿಗೆ ಬಟ್ಟೆಯೇ ಸಾಕು. ಸೋಪು ಹಾಕಿದರೆ ಅದು ಒಣಗುವ ಮೊದಲೇ ತೊಳೆಯಿರಿ.

ಕೊನೆಯದ್ದು ಉಪ್ಪಿನ ಪಾಲು. ವಾಷರ್ ಬದಿಗಿಟ್ಟು, ಪೈಪಿನಿಂದ ಅಡಿಭಾಗಕ್ಕೆ ಎರಡು ಮೂರು ನಿಮಿಷ ಧಾರಾಳ ನೀರು ಬಿಡಿ. ಅಳಿವೆ ಹತ್ತಿರದ ಊರುಗಳಲ್ಲಿ ಬೇಸಿಗೆಗೆ ಬಾವಿ ನೀರೇ ಉಪ್ಪಾಗುವುದುಂಟು. ಅಂಥವರು ಮಣ್ಣು ತೆಗೆಯಲು ಆ ನೀರು ಬಳಸಿದರೂ ಕಡೆಯ ಸಲಕ್ಕೆ ಒಂದೆರಡು ಕೊಡಪಾನ ಸಿಹಿ ನೀರು ತೆಗೆದಿಡಬೇಕು. ಇಲ್ಲದಿದ್ದರೆ ಉಪ್ಪು ತೊಳೆದು ಉಪ್ಪು ಸವರಿದ ಹಾಗೆ. ತೊಳೆದಾದ ಮೇಲೆ ವಾಹನವನ್ನು ಸ್ವಲ್ಪ ದೂರ ಓಡಿಸಿ, ಬ್ರೇಕನ್ನು ಮೆಲ್ಲ ಮೆಲ್ಲ ಒತ್ತಿ ಒಣಗಿಸಿ.

ಎಲ್ಲಿಗೆ ಹೊಡೆಯಬಾರದು?

ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿದರೆ ಗಾಳಿ ಆಡುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ. ಅಲ್ಲಿಗೆ ಪೈಪಿನ ನೀರೇ ಸಾಕು. ಬ್ಯಾಟರಿ, ವಯರಿನ ಜೋಡಣೆ, ಏರ್ ಕ್ಲೀನರ್, ಸೈಲೆನ್ಸರಿನ ಬಾಯಿ ಇವಕ್ಕೆ ಬೇಡವೇ ಬೇಡ. ಟಯರಿನ ಮಗ್ಗುಲಿಗೂ ಹತ್ತಿರದಿಂದ ಬೇಡ.

ಟಿಲ್ಲರಿನವರಿಗೆ ಮುಖ್ಯ ಮಾತು ಬೇರಿಂಗಿನದ್ದು. ರೋಟವೇಟರಿನ ಸೀಲಿಗೆ ನೇರ ಒತ್ತಡ ಕೊಟ್ಟರೆ ನೀರು, ಹೊಯಿಗೆ ಒಳಗೆ ಹೋಗುತ್ತದೆ. ಹೊರಗೆ ಚೊಕ್ಕ, ಒಳಗೆ ಅರೆತ. ಅಲ್ಲಿ ಬ್ರಷ್ಷಿನಿಂದ ಉಜ್ಜಿ. ಗ್ರೀಸ್ ಹೊಡೆಯುವ ಜಾಗಕ್ಕೆಲ್ಲ ತೊಳೆದ ಮೇಲೆ ಹೊಸ ಗ್ರೀಸ್ ಹೊಡೆಯಿರಿ. ಹಳೆಯದರ ಜೊತೆ ಒಳಗಿನ ನೀರೂ ಹೊರಬರುತ್ತದೆ.

ವಾಷರ್ ಇಲ್ಲದವರು

ಅಡಿಕೆಗೆ ಮದ್ದು ಹೊಡೆಯುವ ಎಚ್‌ಟಿಪಿ ಪಂಪೇ ಸಾಕು. ಒತ್ತಡ ವಾಷರಿಗಿಂತ ಕಡಿಮೆ, ನೀರು ಹೆಚ್ಚು, ಕೆಸರಿಗೆ ಒಳ್ಳೆಯದೇ. ಬ್ಯಾರೆಲ್ಲಿನಿಂದ ನೀರು ಎಳೆಯುವುದರಿಂದ ಸಿಹಿ ನೀರು ತುಂಬಿಟ್ಟು ಬಳಸಲೂ ಸುಲಭ. ಆದರೆ ಮದ್ದಿನ ಬ್ಯಾರೆಲ್ ಅದಕ್ಕೆ ಬೇಡ. ಬೋರ್ಡೋದಲ್ಲಿರುವ ತಾಮ್ರ ಬರಿ ಕಬ್ಬಿಣಕ್ಕೂ ಅಲ್ಯೂಮಿನಿಯಮ್ಮಿಗೂ ವೈರಿ, ತುಕ್ಕನ್ನು ಚುರುಕು ಮಾಡುತ್ತದೆ. ಮೊದಲು ಪಂಪು, ಪೈಪು, ಗನ್ನಿನಲ್ಲಿ ತಿಳಿನೀರು ಹರಿಸಿ ಪೂರ್ತಿ ಚೊಕ್ಕ ಮಾಡಿಕೊಳ್ಳಿ.

ಜೀವ ಜೋಪಾನ

ವಾಷರಿನ ಧಾರೆಗೆ ಕೈಕಾಲು ಒಡ್ಡಿ ಮಣ್ಣು ತೊಳೆಯುವವರಿದ್ದಾರೆ. ಇದು ಆಟವಲ್ಲ. ಹತ್ತಿರದಿಂದ ಬಿದ್ದ ಧಾರೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹೊರಗೆ ಸಣ್ಣ ತೂತು ಕಂಡರೂ ಒಳಗಿನ ಗಾಯ ದೊಡ್ಡದಿರಬಹುದು. ಅರಶಿನ ಹಚ್ಚಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಕ್ಕಳ ಕೈಗೆ ಗನ್ ಕೊಡಬೇಡಿ. ಕಾಲಿಗೆ ರಬ್ಬರ್ ಬೂಟು ಇರಲಿ. ವಯರಿನ ಜೋಡಣೆ ನೀರಿನಿಂದ ದೂರ, ಎತ್ತರದಲ್ಲಿರಲಿ. ವಿದ್ಯುತ್ ಸೋರಿದರೆ ತಾನೇ ಕಡಿಯುವ ಬ್ರೇಕರ್ ಹಾಕಿಸದೆ ಇಂಥ ಯಂತ್ರ ಓಡಿಸಬೇಡಿ. ಕೆಲಸ ಮುಗಿದ ಮೇಲೆ ಸ್ವಿಚ್ ತೆಗೆದು, ಗನ್ನನ್ನು ಒಮ್ಮೆ ಒತ್ತಿ ಪೈಪಿನೊಳಗಿನ ಒತ್ತಡ ಬಿಡಿ.

ತೊಳೆಯುವ ಜಾಗ ಬಾವಿಕಟ್ಟೆ ಆಗಬಾರದು. ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಕೆಳಗಿಳಿಸುತ್ತದೆ; ಡೀಸೆಲ್, ಎಣ್ಣೆ ಬೆರೆತ ನೀರು ಕುಡಿಯುವ ಬಾವಿಗೇ ಸೇರೀತು. ಬಾವಿಯಿಂದ ದೂರ, ತಗ್ಗಿನ ಬದಿಯಲ್ಲಿ ಜಾಗ ಮಾಡಿಕೊಳ್ಳಿ. ತೊರೆಗೆ ಇಳಿಸಿ ತೊಳೆಯುವುದಂತೂ ಬೇಡ.

ಎಷ್ಟು ದಿನಕ್ಕೊಮ್ಮೆ? ಕಡಲ ಬದಿಯ ಓಡಾಟ ಇದ್ದರೆ ವಾರಕ್ಕೊಮ್ಮೆ ಅಡಿಭಾಗಕ್ಕೆ ಬರೀ ನೀರು. ಟಿಲ್ಲರಿಗೆ ಉಳುಮೆ ಮುಗಿದ ದಿನವೇ, ಕೆಸರು ಒಣಗುವ ಮೊದಲು. ಮೇಲಿನ ಹೊಳಪಿಗೆ ಸಮಯ ಸಿಗದಿದ್ದರೆ ಅದು ಮುಂದಿನ ವಾರಕ್ಕಿರಲಿ, ಅಡ್ಡಿಯಿಲ್ಲ.