ಗದ್ದಲದ ಆಕಾಶದಲ್ಲಿ ಒಂದು ದನಿ

2023ರ ದಸರೆ. ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ವಾಯುಪಡೆಯ ವೈಮಾನಿಕ ಪ್ರದರ್ಶನ. ಬೀದರ್ ನೆಲೆಯ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿತೇನೋ ಎಂಬಷ್ಟು ಹತ್ತಿರದಲ್ಲಿ ಬಂದು, ನೆತ್ತಿಯ ಮೇಲೆ ಹೂವಿನೆಸಳಿನಂತೆ ಬಿಚ್ಚಿಕೊಂಡು ಹೋದವು. ಜನವೋ ಜನ. ಜೊತೆಗೆ ಬಂದಿದ್ದ ಅಕ್ಕನ ಮಗಳು ಅಷ್ಟು ಹೊತ್ತಿಗಾಗಲೇ ಹತ್ತು ಸಲ ಅಮ್ಮನಿಗೆ ಫೋನ್ ಮಾಡಿದ್ದಳು. ಅಕ್ಕ ಇದ್ದದ್ದು ಅದೇ ಮೈದಾನದ ಇನ್ನೊಂದು ಗೇಟಿನ ಹತ್ತಿರ. ಫೋನ್ ಹೋಗುತ್ತಿರಲಿಲ್ಲ, ಹೋದರೂ ಒಂದೆರಡು ತುಂಡು ಮಾತು, ಆಮೇಲೆ ಮೌನ.

"ಮಾವ, ಇಲ್ಲಿಂದ ಆ ಗೇಟಿಗೇ ಮಾತು ಮುಟ್ತಿಲ್ಲ. ಮೇಲೆ ಅವರು ಅಷ್ಟು ಜೋರಾಗಿ ಹೋಗ್ತಾ ಹೇಗೆ ಮಾತಾಡ್ಕೋತಾರೆ?"

ರೇಡಿಯೊದಲ್ಲಿ ಎಂದೆ. ತಂಡದ ನಾಯಕ ಹೇಳುವ ಒಂದೊಂದು ಪದಕ್ಕೂ ಉಳಿದವರು ಒಟ್ಟಿಗೇ ತಿರುಗುತ್ತಾರೆ ಎಂದೆ. ಅವಳು ಬಿಡಲಿಲ್ಲ. "ಯಾರಾದ್ರೂ ಬೇಕಂತಲೇ ಅದನ್ನ ಕೆಡಿಸಿದ್ರೆ?"

ಮೈದಾನದಲ್ಲಿ ನಿಂತು ಹೇಳಿ ಮುಗಿಸುವ ಉತ್ತರವಲ್ಲ ಅದು. ಇಂದಿನ ಯುದ್ಧವಿಮಾನದ ಅಳಿವು ಉಳಿವು ಆ ಹುಡುಗಿ ಕೇಳಿದ ಪ್ರಶ್ನೆಯಲ್ಲೇ ಇದೆ.

ಬೇಕಂತಲೇ ಕೆಡಿಸುವುದಕ್ಕೆ ಜಾಮಿಂಗ್ ಎನ್ನುತ್ತಾರೆ. ಬನ್ನಿಮಂಟಪದಲ್ಲಿ ನಮ್ಮ ಫೋನು ಸಿಗದಿದ್ದದ್ದು ಯಾರ ಹಗೆಯಿಂದಲೂ ಅಲ್ಲ, ಸಾವಿರಾರು ಜನ ಒಟ್ಟಿಗೆ ಟವರಿನ ಮೇಲೆ ಬಿದ್ದದ್ದರಿಂದ. ಶತ್ರು ಅದೇ ಸ್ಥಿತಿಯನ್ನು ಲೆಕ್ಕ ಹಾಕಿ ತಂದೊಡ್ಡುತ್ತಾನೆ. ಪೈಲಟ್ ಯಾವ ಕಂಪನಾಂಕದಲ್ಲಿ ಕಿವಿಗೊಟ್ಟಿದ್ದಾನೋ ಅದನ್ನು ಪತ್ತೆ ಹಚ್ಚಿ, ಅದರ ಮೇಲೆ ತನ್ನ ಬಲವಾದ ಟ್ರಾನ್ಸ್‌ಮಿಟರ್‌ನಿಂದ ಬರೀ ಸದ್ದು ಸುರಿಯುತ್ತಾನೆ. ಆ ಸದ್ದಿನಡಿ ಸ್ನೇಹಿತನ ದನಿ ಮುಳುಗಿಹೋಗುತ್ತದೆ.

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಅದು ಗದ್ದಲ ಎಬ್ಬಿಸುವುದಿಲ್ಲ, ಸುಳ್ಳು ಹೇಳುತ್ತದೆ. ರೇಡಾರ್ ಕಳಿಸಿದ ತರಂಗವನ್ನು ಹಿಡಿದಿಟ್ಟುಕೊಂಡು, ತುಸು ತಡಮಾಡಿ, ತುಸು ತಿದ್ದಿ ವಾಪಸು ಕಳಿಸಿದರೆ, ಇಲ್ಲದ ವಿಮಾನವೊಂದು ಇಲ್ಲದ ಜಾಗದಲ್ಲಿ ಪರದೆಯ ಮೇಲೆ ಮೂಡುತ್ತದೆ. 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ಮೇಲೆ ದಾಳಿಗೆ ಹೋದ ಬ್ರಿಟಿಷ್ ವಿಮಾನಗಳು ಈ ಸುಳ್ಳನ್ನು ಕಾಗದ ಮತ್ತು ಅಲ್ಯೂಮಿನಿಯಂ ಹಾಳೆಯಲ್ಲೇ ಹೇಳಿದ್ದವು. ಸುಮಾರು 27 ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಕಂತೆಕಂತೆಯಾಗಿ ಆಕಾಶದಲ್ಲಿ ಚೆಲ್ಲಿದವು. ಜರ್ಮನ್ ರೇಡಾರ್‌ನ ತರಂಗದೂರದ ಅರ್ಧದಷ್ಟು ಉದ್ದ ಅದು. ಒಂದೊಂದು ಪಟ್ಟಿಯೂ ಆ ತರಂಗಕ್ಕೆ ಓಗೊಟ್ಟಿತು. ಪರದೆಯ ಮುಂದೆ ಕೂತವರಿಗೆ ವಿಮಾನ ಯಾವುದು, ಹಾಳೆ ಯಾವುದು ತಿಳಿಯದೆ ಹೋಯಿತು.

ಕೆಡಿಸುವವನ ಪರವಾಗಿ ನಿಸರ್ಗದ ಒಂದು ನಿಯಮವೂ ಇದೆ. ರೇಡಾರ್‌ನ ತರಂಗ ಹೋಗಿ, ಬಡಿದು, ಬರಬೇಕು. ಜಾಮರ್‌ನ ತರಂಗ ಬಂದರಷ್ಟೇ ಸಾಕು. ದೂರ ಎರಡು ಪಟ್ಟಾದರೆ ಜಾಮರ್‌ನ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ರೇಡಾರ್‌ಗೆ ಮರಳುವ ಪ್ರತಿಧ್ವನಿ ಹದಿನಾರನೇ ಒಂದಕ್ಕೆ. ದೂರದಲ್ಲಿ ಗೆಲ್ಲುವವನು ಕೆಡಿಸುವವನು. ಹತ್ತಿರ ಹತ್ತಿರ ಹೋದ ಹಾಗೆ ರೇಡಾರ್‌ನ ಕೈ ಮೇಲಾಗುತ್ತದೆ. ಆದರೆ ಹಾಗೆ ಹತ್ತಿರ ಹೋಗಬೇಕಾದವನು ಪೈಲಟ್.

ಸಂಪರ್ಕ ಕಡಿದರೆ ಏನಾಗುತ್ತದೆ ಎಂಬುದು 1982ರ ಜೂನ್‌ನಲ್ಲಿ ಲೆಬನಾನ್‌ನ ಬೆಕಾ ಕಣಿವೆಯ ಮೇಲೆ ಕಂಡಿತು. ಸಿರಿಯಾದ ಪೈಲಟ್‌ಗಳು ನೆಲದಿಂದ ಬರುವ ಆದೇಶವನ್ನೇ ನಂಬಿ ಹಾರುವವರು. ಇಸ್ರೇಲ್ ಆ ದನಿಯನ್ನು ಮುಚ್ಚಿಹಾಕಿತು. ಕೆಲವೇ ದಿನಗಳಲ್ಲಿ ಸಿರಿಯಾ 80ಕ್ಕೂ ಹೆಚ್ಚು ವಿಮಾನಗಳನ್ನು ಕಳೆದುಕೊಂಡಿತು.

ನಮಗೆ ಅಷ್ಟು ಹಿಂದೆ, ಅಷ್ಟು ದೂರ ಹೋಗಬೇಕಾಗಿಲ್ಲ. 2019ರ ಫೆಬ್ರುವರಿ 27ರ ಬೆಳಿಗ್ಗೆ ಪಾಕಿಸ್ತಾನದ ವಿಮಾನಗಳು ಜಮ್ಮು ಕಾಶ್ಮೀರದ ಕಡೆ ಬಂದಾಗ, ನೆಲದ ಮೇಲೆ ರೇಡಾರ್ ಪರದೆಯ ಮುಂದೆ ಕೂತು ನಮ್ಮ ಪೈಲಟ್‌ಗಳಿಗೆ ದಾರಿ ಹೇಳುತ್ತಿದ್ದವರು ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್‌ವಾಲ್. ಮಿಗ್-21 ಬೈಸನ್‌ನಲ್ಲಿದ್ದ ಅಭಿನಂದನ್ ವರ್ಧಮಾನ್ ಅವರಿಗೆ ಹಿಂದಿರುಗುವಂತೆ ಕೊಟ್ಟ ಸೂಚನೆ ಮುಟ್ಟಲಿಲ್ಲ, ರೇಡಿಯೊ ಜಾಮ್ ಆಗಿತ್ತು ಎಂದು ಆಮೇಲೆ ಪತ್ರಿಕೆಗಳು ವರದಿ ಮಾಡಿದವು. ಆ ದಿನದ ಕೆಲಸಕ್ಕಾಗಿ ಅಗರ್‌ವಾಲ್ ಅವರಿಗೆ ಯುದ್ಧ ಸೇವಾ ಪದಕ ಬಂತು. ಅಭಿನಂದನ್ ಸೆರೆಯಾಗಿ, ಮಾರ್ಚ್ 1ರಂದು ವಾಘಾ ದಾಟಿ ಬಂದರು. ಇಡೀ ದೇಶ ಅವರ ಮೀಸೆಯ ಬಗ್ಗೆ ಮಾತಾಡಿತು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಹೇಳಿದವರ ಬಾಯಿಗೂ ಕೇಳಬೇಕಾದವರ ಕಿವಿಗೂ ನಡುವೆ ಎಲ್ಲೋ ಕಳೆದುಹೋದ ಆ ಒಂದು ಮಾತು.

ಕಳೆದುಹೋಗದಂತೆ ಮಾಡುವ ಉಪಾಯಗಳಿಲ್ಲವೇ? ಇವೆ. ಅವುಗಳಲ್ಲಿ ಮುಖ್ಯವಾದದ್ದರ ಬೇರು ಒಂದು ಪಿಯಾನೊದಲ್ಲಿದೆ. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರ ಆಗಸ್ಟ್ 11ರಂದು ಅಮೆರಿಕದಲ್ಲಿ ಒಂದು ಪೇಟೆಂಟ್ ಪಡೆದರು. ಟಾರ್ಪೆಡೊಗೆ ಹೋಗುವ ರೇಡಿಯೊ ಆದೇಶವನ್ನು ಒಂದೇ ಕಂಪನಾಂಕದಲ್ಲಿ ಇಡಬೇಡಿ, ನೆಗೆಸುತ್ತಿರಿ ಎಂಬುದು ಅದರ ತಿರುಳು. ಎರಡೂ ಕಡೆ ಒಂದೇ ರೀತಿ ತೂತು ಕೊರೆದ ಕಾಗದದ ಸುರುಳಿ, ತಾನೇ ನುಡಿಯುವ ಪಿಯಾನೊಗಳಲ್ಲಿ ಇರುತ್ತಿತ್ತಲ್ಲ, ಅಂಥದ್ದು. ಪಿಯಾನೊದ ಮನೆಗಳಷ್ಟೇ, ಅಂದರೆ 88 ಕಂಪನಾಂಕಗಳು. ಮುಂದೆ ಯಾವುದಕ್ಕೆ ನೆಗೆಯುತ್ತದೆ ಎಂದು ಸುರುಳಿ ಇದ್ದವನಿಗಷ್ಟೇ ಗೊತ್ತು.

ಇದನ್ನು ಓದುವಾಗಲೆಲ್ಲ ಮೈಸೂರಿನವನಾದ ನನಗೆ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಪಿಯಾನೊ ಕಲಿತು ಲಂಡನ್ನಿನ ಪದವಿ ಗಳಿಸಿದ್ದ ಮಹಾರಾಜರು ಅವರು. ಅವರು ಪಟ್ಟಕ್ಕೆ ಬಂದ 1940ರಲ್ಲೇ, ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಮೈಸೂರು ಸರ್ಕಾರ ಪಾಲುಗೂಡಿ, ಜಾಗ ಕೊಟ್ಟು, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ನಿಲ್ಲಿಸಿತು. ಇಂದಿನ ಎಚ್‌ಎಎಲ್ ಅದು. ಪಿಯಾನೊದ ಸುರುಳಿಗೂ ಆ ಕಾರ್ಖಾನೆಗೂ ಆಗ ಯಾವ ಸಂಬಂಧವೂ ಇರಲಿಲ್ಲ. ಇಂದು ಅಲ್ಲಿಂದ ಹಾರುವ ತೇಜಸ್‌ನ ರೇಡಿಯೊಗೆ ಆ ನೆಗೆತ ಬೇಕೇ ಬೇಕು.

ನೆಗೆತದ ವೇಗ ಈಗ ಊಹೆಗೆ ನಿಲುಕದ್ದು. ಅಮೆರಿಕ ಮತ್ತು ನ್ಯಾಟೊ ವಿಮಾನಗಳು ಬಳಸುವ ಲಿಂಕ್-16 ಎಂಬ ಡೇಟಾ ಲಿಂಕ್ 51 ಕಂಪನಾಂಕಗಳ ನಡುವೆ ಸೆಕೆಂಡಿಗೆ ಸುಮಾರು 77 ಸಾವಿರ ಸಲ ಜಿಗಿಯುತ್ತದೆ. ಕೆಡಿಸುವವನು ಒಂದನ್ನು ಹಿಡಿಯುವಷ್ಟರಲ್ಲಿ ಮಾತು ಇನ್ನೆಲ್ಲೋ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಹೋದರೆ ಅವನ ಬಲ ಹಂಚಿ ತೆಳುವಾಗುತ್ತದೆ. ಆದರೆ ಜಿಗಿಯುವವರಿಬ್ಬರ ಗಡಿಯಾರ ಕೂದಲೆಳೆಯೂ ತಪ್ಪದೆ ಒಂದಾಗಿರಬೇಕು. ಗಡಿಯಾರ ತಪ್ಪಿದರೆ ಶತ್ರುವಿನ ಜೊತೆ ಸ್ನೇಹಿತನೂ ಹೊರಗೆ.

ಉಳಿದ ಉಪಾಯಗಳನ್ನು ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರು ತಾವೇ ಮಾಡಿರುತ್ತಾರೆ. ಗದ್ದಲದಲ್ಲಿ ನಾವು ಕೂಗುವುದಿಲ್ಲ, ಕೈ ಅಡ್ಡ ಹಿಡಿದು ಕಿವಿಯ ಹತ್ತಿರ ಹೇಳುತ್ತೇವೆ. ಎಫ್-35ರಂಥ ವಿಮಾನಗಳು ಕಿರಿದಾದ ಕಿರಣದಲ್ಲಿ ಒಂದರ ಕಡೆಗೊಂದು ಮಾತ್ರ ಮಾತು ಕಳಿಸುತ್ತವೆ. ತಮಟೆಯ ಕಡೆಯ ಕಿವಿಯನ್ನು ಮುಚ್ಚಿಕೊಳ್ಳುತ್ತೇವೆ. ಹಲವು ತುಂಡುಗಳುಳ್ಳ ಆಂಟೆನಾ ಜಾಮರ್ ಇರುವ ದಿಕ್ಕಿಗೆ ಮಾತ್ರ ಕಿವುಡಾಗುತ್ತದೆ. ನೇರ ಕೇಳಿಸದಿದ್ದರೆ ನಡುವೆ ನಿಂತವರ ಬಾಯಲ್ಲಿ ಹೇಳಿ ಕಳಿಸುತ್ತೇವೆ. ವಿಮಾನಗಳೂ ಒಂದರ ಸುದ್ದಿಯನ್ನು ಇನ್ನೊಂದು ದಾಟಿಸುತ್ತವೆ. ಹೀಗೆ ದಾಟಿಸುವುದರಿಂದ ದೊಡ್ಡ ಲಾಭ ಇನ್ನೊಂದಿದೆ. ಪೈಲಟ್ ತನ್ನ ರೇಡಾರ್ ಆರಿಸಿಕೊಂಡು ಕತ್ತಲಲ್ಲಿ ಇರಬಹುದು, ನೋಡುವ ಕೆಲಸ ದೂರದಲ್ಲಿ ಹಿಂದೆ ಇರುವ ವಿಮಾನದ್ದು. ಬೆಂಗಳೂರಿನ ಸೆಂಟರ್ ಫಾರ್ ಏರ್‌ಬೋರ್ನ್ ಸಿಸ್ಟಮ್ಸ್ ರೂಪಿಸಿದ 'ನೇತ್ರ' ಅಂಥ ಕಣ್ಣು. 2017ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದು ವಾಯುಪಡೆಗೆ ಸೇರಿತು.

ಇಷ್ಟೆಲ್ಲ ಇದ್ದೂ ಕೆಲವೊಮ್ಮೆ ಮಾತು ನಿಂತೇ ನಿಲ್ಲುತ್ತದೆ. ಆಗ ಉಳಿಯುವುದು ಮೊದಲೇ ಮಾಡಿಕೊಂಡ ಒಪ್ಪಂದ. ಅಂದು ಬನ್ನಿಮಂಟಪಕ್ಕೆ ಹೊರಡುವ ಮುಂಚೆ ಅಕ್ಕ ಮಗಳಿಗೆ ಹೇಳಿದ್ದಳಂತೆ: "ಫೋನ್ ಸಿಗದಿದ್ರೆ ಹುಡುಕ್ಬೇಡ, ಎಲ್‌ಐಸಿ ಸರ್ಕಲ್ ಹತ್ರ ಬಂದು ನಿಲ್ಲು." ಪ್ರದರ್ಶನ ಮುಗಿದು ನಾವು ಅಲ್ಲಿಗೆ ಹೋದಾಗ ಅಕ್ಕ ಆಗಲೇ ಬಂದು ಕಡಲೆಕಾಯಿ ಪೊಟ್ಟಣ ಹಿಡಿದು ನಿಂತಿದ್ದಳು. ಪೈಲಟ್‌ಗಳೂ ಹಾರುವ ಮೊದಲು ಕೂತು ಇದನ್ನೇ ಮಾತಾಡಿಕೊಳ್ಳುತ್ತಾರೆ: ಸಂಪರ್ಕ ತಪ್ಪಿದರೆ ಯಾವ ದಿಕ್ಕು, ಯಾವ ಎತ್ತರ, ಎಷ್ಟು ಹೊತ್ತು, ಎಲ್ಲಿ ಮರಳಿ ಸೇರುವುದು. ಯಂತ್ರ ಎಷ್ಟೇ ಮುಂದುವರಿದರೂ ಈ ಕೂತು ಮಾತಾಡುವುದನ್ನು ಬಿಟ್ಟ ವಾಯುಪಡೆ ಉಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇಂಥ ಉಪಾಯಗಳಿಗೆ ರೂಪ ಕೊಡುವ ಕೆಲಸ ನಮ್ಮ ಹತ್ತಿರವೇ ನಡೆಯುತ್ತದೆ. ಯುದ್ಧವಿಮಾನಗಳಿಗೆ ಶತ್ರು ರೇಡಾರ್‌ನ ಎಚ್ಚರಿಕೆ ಕೊಡುವ, ಅದಕ್ಕೆ ಮರುಸುಳ್ಳು ಹೇಳುವ ಉಪಕರಣಗಳನ್ನು ರೂಪಿಸುವ ಡಿಆರ್‌ಡಿಒದ 'ಡೇರ್' ಪ್ರಯೋಗಾಲಯ, ತೇಜಸ್‌ಗಾಗಿ 'ಉತ್ತಮ್' ರೇಡಾರ್ ಕಟ್ಟಿದ ಎಲ್‌ಆರ್‌ಡಿಇ, ಎರಡೂ ಬೆಂಗಳೂರಿನವು. 1954ರಲ್ಲಿ ಹುಟ್ಟಿದ ಜಾಲಹಳ್ಳಿಯ ಬಿಇಎಲ್, ದೇಶದ ರೇಡಾರ್‌ಗಳನ್ನೆಲ್ಲ ಒಂದೇ ಚಿತ್ರವಾಗಿ ಹೆಣೆಯುವ ವಾಯುಪಡೆಯ ಜಾಲವನ್ನೂ ಸೇನೆಯ 'ಆಕಾಶ್‌ತೀರ್' ವಾಯುರಕ್ಷಣಾ ಜಾಲವನ್ನೂ ಮಾಡಿಕೊಟ್ಟಿತು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ರಾತ್ರಿಗಳಲ್ಲಿ, ಡ್ರೋನುಗಳ ಹಿಂಡನ್ನು ತಡೆಯುವಾಗ ಅವೆರಡರ ಹೆಸರು ಮನೆಮನೆಗೆ ಬಂತು.

ಮೈಸೂರಿನ ಪಾಲು ಇದರಲ್ಲಿ ಸದ್ದು ಮಾಡದ್ದು. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಆರಂಭಿಸಿದ ಊರು ಇದು. ಇಂದು ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ರಕ್ಷಣೆ, ವಿಮಾನ ಕ್ಷೇತ್ರಗಳಿಗೆ ಸರ್ಕ್ಯೂಟ್ ಬೋರ್ಡ್‌ಗಳನ್ನು ಜೋಡಿಸುವ ಕಾರ್ಖಾನೆಗಳಿವೆ. 1988ರಲ್ಲಿ ಇಲ್ಲೇ ಶುರುವಾದ ಕೇನ್ಸ್ ಒಂದು. ಇನ್ನೊಂದು, ಗಂಧದಕಡ್ಡಿಯಿಂದ ಹೆಸರಾದ ಎನ್. ರಂಗರಾವ್ ಮನೆತನದವರು ಕಟ್ಟಿದ ರಂಗ್‌ಸನ್ಸ್. 2015ರಲ್ಲಿ ಅದರ ಬಹುಪಾಲನ್ನು ಸೈಯೆಂಟ್ ಕೊಂಡಿತು.

ಬೋರ್ಡ್ ಒಂದನ್ನು ಭೂತಗನ್ನಡಿಯಡಿ ನೋಡಬೇಕು. ಅದರ ಮೇಲಿನ ಕೆಲವು ಬಿಡಿಭಾಗಗಳು ರಾಗಿಕಾಳಿಗಿಂತ ಸಣ್ಣವು. ಒಂದೊಂದರ ಎರಡು ತುದಿಗೂ ಬೆಳ್ಳಿ ಬಣ್ಣದ ಬೆಸುಗೆ, ನಯವಾಗಿ ಒಳಬಾಗಿ ಹೊಳೆಯುತ್ತದೆ. ಹೊಳಪಿನಲ್ಲಿ ಒಂದು ಸಣ್ಣ ಗೆರೆ ಕಂಡರೆ ಅದು ಬಿರುಕು. ವಿಮಾನ ಮೇಲೇರುವಾಗ ಕೊರೆಯುವ ಚಳಿ, ಇಳಿಯುವಾಗ ಸುಡುವ ರನ್‌ವೇ, ನಡುವೆ ಎಂಜಿನ್ನಿನ ಎಡೆಬಿಡದ ನಡುಕ; ಆ ಗೆರೆ ದಿನದಿನಕ್ಕೆ ಬಾಯಿಬಿಡುತ್ತದೆ. ಹಾಗೆ ಸತ್ತ ರೇಡಿಯೊಗೆ ಯಾವ ಶತ್ರುವೂ ಬೇಕಾಗಿಲ್ಲ. ಅದಕ್ಕೇ ಆ ಬೆಸುಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಪಕ್ಕಕ್ಕಿಡುವ ಕೈಗಳನ್ನೂ ನಾನು ಪೈಲಟ್‌ನ ಜೊತೆಗಾರರೆಂದೇ ಎಣಿಸುತ್ತೇನೆ.

ಪೈಲಟ್ ಒಂಟಿಯಾದರೆ ಏನೆಂಬುದು ನಮ್ಮ ನೆರೆಯ ಕೊಡಗಿಗೆ ಗೊತ್ತು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಹೊರಟ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಿದವು. ಬದಲಿಯಾಗಿ ಇದ್ದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಕೊನೆಗಳಿಗೆಯಲ್ಲಿ ತಂಡ ಸೇರಿ ಹೋದರು. ಮರಳಲಿಲ್ಲ. ಅವರಿಗೇನಾಯಿತೆಂದು ಜೊತೆಗಿದ್ದ ಯಾರೂ ನೋಡಲಿಲ್ಲ, ಕೇಳಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಉಳಿಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಸಮರದ ಬಗ್ಗೆ ಬರೆದ ಪುಸ್ತಕದಿಂದ ಗೊತ್ತಾಯಿತು: ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಒಂದು ಅಂದು ಒಂಟಿ ಮಿಸ್ಟೇರ್‌ನ ಎದುರು ಬಿದ್ದಿತ್ತು. ಅದರ ಪೈಲಟ್ ಹೊರಜಿಗಿದು ಬದುಕಿದ್ದರು. ಆ ಒಂಟಿ ಮಿಸ್ಟೇರ್ ದೇವಯ್ಯ ಅವರದೇ ಎಂದು ದಾಳಿಯ ನಾಯಕ ಒ.ಪಿ. ತನೇಜಾ ಪಟ್ಟು ಹಿಡಿದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಗಿ, ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ಹೊರಟ ಬೆಳಗಿಗೂ ಆ ಪದಕಕ್ಕೂ ನಡುವೆ 23 ವರ್ಷ.

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಕಳೆದ ಬೇಸಿಗೆಯಲ್ಲಿ ಅದನ್ನು ದಾಟುವಾಗ ಅಕ್ಕನ ಮಗಳಿಗೆ ಈ ಕಥೆ ಹೇಳಿದೆ. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವಳು ಕೇಳಿದಳು, "ಮಾವ, ಅವರು ಕೊನೇಲಿ ರೇಡಿಯೊದಲ್ಲಿ ಏನಾದ್ರೂ ಹೇಳಿರಬಹುದಾ?"

ಹೇಳಿರಬಹುದು, ಕೇಳುವಷ್ಟು ಹತ್ತಿರದಲ್ಲಿ ನಮ್ಮವರು ಯಾರೂ ಇರಲಿಲ್ಲ ಎಂದೆ.