ಕಾಕಾನ ಹಳೇ ಕಂಪ್ಯೂಟರಿಗೆ ಹೊಸ ಮನೆ

ಯುಗಾದಿಗೆ ಊರಿಗೆ ಹೊರಡಲು ಎರಡು ದಿನ ಇತ್ತು. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡುವೆ ಕಾಕಾನ ಫೋನ್. "ತಮ್ಮಾ, ಅಂಗಡ್ಯಾಗಿನ ಡಬ್ಬಿ ಸರಿ ನಡೀವಲ್ದು. ಒಮ್ಮೆ ಚಾಲೂ ಆಗತೈತಿ, ಒಮ್ಮೆ ಇಲ್ಲ. ಬರೂ ಮುಂದ ಏನಾರ ಸಾಮಾನ ಬೇಕಾದ್ರ ತಗೊಂಡ್ ಬಾ."

ಡಬ್ಬಿ ಅಂದರೆ ಸಾಲೋಟಗಿಯಲ್ಲಿ ಅವರು ನಡೆಸುವ ಡಿಟಿಪಿ ಅಂಗಡಿಯ ಕಂಪ್ಯೂಟರ್. ಪೆಂಟಿಯಂ 4 ಪ್ರೊಸೆಸರ್, 80 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಸುತ್ತಲಿನ ಹಳ್ಳಿಗಳ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ನಾಟಕದ ಪೋಸ್ಟರ್, ಲಿಂಬೆ ವ್ಯಾಪಾರದವರ ಬಿಲ್ ಬುಕ್ಕು ಎಲ್ಲ ಅದರಲ್ಲೇ ಹುಟ್ಟಿದ್ದು. "ಹೊಸಾದು ಕೊಡಸ್ತೀನಿ ಬಿಡ್ರಿ ಕಾಕಾ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಅಜ್ಜನ ಪದ ಅದರಾಗ ಅದಾವಲ್ಲೋ."

ನಮ್ಮಜ್ಜ ಡೊಳ್ಳಿನ ಪದ ಹಾಡುತ್ತಿದ್ದ. ಕೊನೆಯ ವರ್ಷಗಳಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿಕೊಂಡು ಹೋದದ್ದನ್ನು ಕಾಕಾ ಪೇಜ್‌ಮೇಕರ್‌ನಲ್ಲಿ ಟೈಪ್ ಮಾಡಿದ್ದರು. ಒಟ್ಟು 112 ಪುಟ, ಮೂರು ಫೈಲು. ಪುಸ್ತಕ ಮಾಡಬೇಕೆಂದಿದ್ದರು, ಆಗಲಿಲ್ಲ. ಅಜ್ಜ ಈಗಿಲ್ಲ. ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ, ಆ ಫೈಲುಗಳ ಇನ್ನೊಂದು ಪ್ರತಿ ಇದೆಯಾ ಅಂತ ಒಮ್ಮೆಯೂ ಕೇಳಬೇಕು ಅನಿಸಿರಲಿಲ್ಲ.

ಕಾಪಿ ಮಾಡಿದರೆ ಸಾಲದೇ?

ಸಾಲದು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಕೂಡ ಸಿಎಸ್6 ಆವೃತ್ತಿಯವರೆಗೆ ಮಾತ್ರ ಈ ಹಳೆಯ ಫೈಲುಗಳನ್ನು ತೆರೆಯುತ್ತಿತ್ತು.

ಅಕ್ಷರದ ತೊಂದರೆ ಇನ್ನೂ ದೊಡ್ಡದು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಒಂದು 'ಪಿ', ಒಂದು ಪೌಂಡ್ ಗುರುತು, ಒಂದು 'ಕ್ಯೂ', ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ 'ಎ'ಗಳು ಕಾಣುತ್ತವೆ. ಕಾಕಾ ಬಳಸಿದ್ದು ಇನ್ನೊಂದು ಕಂಪನಿಯ ಫಾಂಟ್ ಪ್ಯಾಕೇಜ್. ಅದು ಚಾಲೂ ಆಗಬೇಕಾದರೆ ಯುಎಸ್‌ಬಿಗೆ ಒಂದು ಡಾಂಗಲ್ ಚುಚ್ಚಿರಬೇಕು.

ಅಂದರೆ ಫೈಲು, ಪೇಜ್‌ಮೇಕರ್, ಫಾಂಟು, ಡಾಂಗಲ್, ಎಕ್ಸ್‌ಪಿ ಐದೂ ಒಟ್ಟಿಗೆ ಇದ್ದರೆ ಮಾತ್ರ ಅಜ್ಜನ ಪದ ಓದಲು ಸಿಗುತ್ತದೆ. ಹಾಗಾಗಿ ಉಳಿಸಬೇಕಾದದ್ದು ಬರೀ ಫೈಲನ್ನಲ್ಲ, ಇಡೀ ಕಂಪ್ಯೂಟರನ್ನು.

ಒಂದು ಶಾಲೆ, 27 ಮನೆ

ನನ್ನ ಫ್ಲ್ಯಾಟಿನಲ್ಲಿ ಎರಡು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆ ಇತ್ತು. ವೈಫೈ ರೂಟರಿಗೆ ಕೇಬಲ್ ಹಾಕಿ ಇಟ್ಟರೆ, ಮನೆಯ ಎಲ್ಲ ಫೋನು, ಲ್ಯಾಪ್‌ಟಾಪ್‌ಗಳು ಅದರಲ್ಲಿ ಫೋಟೊ, ಫೈಲು ಇಡಬಹುದು. ಈಗಿನ ಕೆಲವು ನ್ಯಾಸ್‌ಗಳು ಇದಕ್ಕಿಂತ ಹೆಚ್ಚು ಮಾಡುತ್ತವೆ. ಸೈನಾಲಜಿಯಲ್ಲಿ 'ವರ್ಚುವಲ್ ಮಷೀನ್ ಮ್ಯಾನೇಜರ್', ಕ್ಯೂನ್ಯಾಪ್‌ನಲ್ಲಿ 'ವರ್ಚುವಲೈಸೇಷನ್ ಸ್ಟೇಷನ್' ಎಂಬ ಆ್ಯಪ್ ಇದೆ. ಅದನ್ನು ಹಾಕಿಕೊಂಡರೆ ಪೆಟ್ಟಿಗೆಯೊಳಗೇ ಬೇರೆ ಕಂಪ್ಯೂಟರುಗಳನ್ನು ನಡೆಸಬಹುದು.

ಕಾಕಾನಿಗೆ ಇದು ನಂಬಿಕೆ ಬರಲಿಲ್ಲ. "ಡಬ್ಬಿಯೊಳಗ ಡಬ್ಬಿ ಹ್ಯಾಂಗ ಕುಂದರ್ತೈತಿ?"

ನಮ್ಮೂರ ಕಂಬದ ಶಾಸನದ ಕಥೆ ಹೇಳಿದೆ. ಕ್ರಿ.ಶ. 945ರ ಶಾಸನ ಅದು, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಊರಿನ ಆಗಿನ ಹೆಸರು ಪಾವಿಟ್ಟಗೆ. ರಾಜನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗೆಂದು 27 ಮನೆ ಬಿಡಲಾಗಿತ್ತು. ಶಾಲೆ ಒಂದೇ, ಆದರೆ ಒಂದು ಮನೆಯ ಒಲೆ ಇನ್ನೊಂದು ಮನೆಗೆ ಸಂಬಂಧವಿಲ್ಲ.

ವರ್ಚುವಲ್ ಮಷೀನ್ ಕೂಡ ಹಾಗೇ. ನ್ಯಾಸ್‌ನ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲ ಒಂದೇ. ಹೈಪರ್‌ವೈಸರ್ ಎಂಬ ತಂತ್ರಾಂಶ ಅದರಲ್ಲಿ ಪಾಲು ಮಾಡಿ, "ಇದು ನಿನ್ನ ಮೆಮೊರಿ, ಇದು ನಿನ್ನ ಡಿಸ್ಕ್" ಎಂದು ಎಕ್ಸ್‌ಪಿಗೆ ಕೊಡುತ್ತದೆ. ಆ ಡಿಸ್ಕ್ ನಿಜಕ್ಕೂ ಒಂದು ದೊಡ್ಡ ಫೈಲು ಅಷ್ಟೇ. ಎಕ್ಸ್‌ಪಿಗೆ ಅದು ಗೊತ್ತಾಗುವುದಿಲ್ಲ, ತಾನು ಸ್ವಂತ ಮನೆಯಲ್ಲೇ ಇದ್ದೇನೆ ಅಂದುಕೊಂಡು ಕೆಲಸ ಮಾಡುತ್ತದೆ.

ಈ ವಿದ್ಯೆ ಹೊಸದಲ್ಲ. ಐಬಿಎಂ 1972ರಲ್ಲೇ ತನ್ನ ಮೇನ್‌ಫ್ರೇಮುಗಳಿಗೆ ಇಂಥ ವ್ಯವಸ್ಥೆ ಕೊಟ್ಟಿತ್ತು. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸ್‌ನ ಭಾಗವಾಯಿತು. ನನ್ನ ಪೆಟ್ಟಿಗೆಯಲ್ಲಿ ಇರುವುದೂ ಅದೇ.

ಮಾಡಿದ್ದು ಹೀಗೆ

ಮೊದಲು ಪೆಟ್ಟಿಗೆಗೆ ಶಕ್ತಿ ಇದೆಯಾ ನೋಡಿದೆ. ಅಗ್ಗದ ನ್ಯಾಸ್‌ಗಳಲ್ಲಿ ಫೋನಿನಲ್ಲಿರುವಂಥ ಎಆರ್‌ಎಂ ಪ್ರೊಸೆಸರ್ ಇರುತ್ತದೆ. ಅದರಲ್ಲಿ ಈ ಕೆಲಸ ಆಗುವುದಿಲ್ಲ. ವರ್ಚುವಲೈಸೇಷನ್ ಸೌಲಭ್ಯ ಇರುವ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಬೇಕು. ನನ್ನದರಲ್ಲಿ ಮೆಮೊರಿ 2 ಜಿಬಿ ಮಾತ್ರ ಇತ್ತು, ಇನ್ನೊಂದು 4 ಜಿಬಿ ಸೇರಿಸಿದೆ. ಎಕ್ಸ್‌ಪಿಗೆ 1 ಜಿಬಿ ಕೊಟ್ಟರೆ ಧಾರಾಳ.

ಊರಿಗೆ ಹೋದವನೇ ಹಳೇ ಕಂಪ್ಯೂಟರಿನ ಡಿಸ್ಕ್ ಬಿಚ್ಚಿದೆ. ಸಾಯುತ್ತಿರುವ ಡಿಸ್ಕನ್ನು ಮತ್ತೆ ಮತ್ತೆ ಚಾಲೂ ಮಾಡಿ ನೋಡಬಾರದು. ಯುಎಸ್‌ಬಿ ಅಡಾಪ್ಟರ್ ಹಾಕಿ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿ, 'ಡಿಡಿರೆಸ್ಕ್ಯೂ' ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆದೆ. ಅದು ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ತಿರುಗಿ ಬರುತ್ತದೆ. ರಾತ್ರಿಯಿಡೀ ನಡೆಯಿತು. ಬೆಳಗ್ಗೆ ಬೇವು-ಬೆಲ್ಲ ತಿನ್ನುವ ಹೊತ್ತಿಗೆ ಕೆಲವು ತುಣುಕು ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಡಿಸ್ಕಿನಿಂದ ಟಕ್ ಟಕ್ ಸಪ್ಪಳ ಬರುತ್ತಿದ್ದರೆ ಮಾತ್ರ ಇದನ್ನೆಲ್ಲ ಮಾಡಬೇಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಆ ಪಡಿಯಚ್ಚನ್ನು ನ್ಯಾಸ್‌ಗೆ ಹಾಕಿ, ಹೊಸ ವರ್ಚುವಲ್ ಮಷೀನಿನ ಡಿಸ್ಕ್ ಎಂದು ತೋರಿಸಿ, ಸ್ಟಾರ್ಟ್ ಒತ್ತಿದೆ. ನೀಲಿ ಪರದೆ! ಕೊನೆಯಲ್ಲಿ '7ಬಿ' ಎಂಬ ಸಂಕೇತ. ಎಕ್ಸ್‌ಪಿಗೆ ತನ್ನ ಡಿಸ್ಕೇ ಕಾಣುತ್ತಿಲ್ಲ ಎಂದು ಅದರ ಅರ್ಥ. ಹೊಸ ಮಷೀನಿನಲ್ಲಿ ಡಿಸ್ಕಿನ ಬಗೆ 'ಸಾಟಾ' ಎಂದಿತ್ತು. ಹಳೇ ಕಂಪ್ಯೂಟರಿನಲ್ಲಿ ಇದ್ದದ್ದು ಅಗಲ ಪಟ್ಟಿಯ ಕೇಬಲ್ಲಿನ 'ಐಡಿಇ'. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಿದೆ. ಹಸಿರು ಗುಡ್ಡ, ನೀಲಿ ಆಕಾಶ ಬಂತು. "ಬಂತಲೇ!" ಅಂತ ಕಾಕಾ ಎದ್ದೇ ನಿಂತರು.

ಯಂತ್ರ ಬದಲಾಗಿದ್ದಕ್ಕೆ ಎಕ್ಸ್‌ಪಿ ಮತ್ತೆ ಆಕ್ಟಿವೇಷನ್ ಕೇಳಿತು. ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಲೈಸೆನ್ಸ್ ಆ ಕಂಪ್ಯೂಟರಿಗೆ ಮಾತ್ರ ಸೀಮಿತ. ಕಾಕಾ ಬೇರೆಯಾಗಿ ಕೊಂಡ ಸಿಡಿಯನ್ನು ಬಿಲ್ ಸಮೇತ ಕಪಾಟಿನಲ್ಲಿ ಇಟ್ಟಿದ್ದರು, ಬಚಾವಾದೆವು. ಡಾಂಗಲ್ಲನ್ನು ನ್ಯಾಸ್‌ನ ಯುಎಸ್‌ಬಿಗೆ ಚುಚ್ಚಿ, ಸೆಟ್ಟಿಂಗಿನಲ್ಲಿ ಅದನ್ನು ಎಕ್ಸ್‌ಪಿಗೆ ವಹಿಸಿದೆ. ಫಾಂಟ್ ಬಂತು.

ಈಗ ಕಾಕಾ ಹೊಸ ಕಂಪ್ಯೂಟರಿನ ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದರೆ ಸಾಕು, ಒಳಗೆ ಅವರ ಹಳೇ ಡೆಸ್ಕ್‌ಟಾಪ್ ಇದ್ದ ಹಾಗೇ ಇದೆ. ಐಕಾನುಗಳ ಜಾಗವೂ ಬದಲಾಗಿಲ್ಲ.

ಬಾಗಿಲು ಹಾಕಿಯೇ ಇರಲಿ

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಇಂಥದ್ದನ್ನು ಇಂಟರ್‌ನೆಟ್ಟಿಗೆ ಬಿಟ್ಟರೆ ಬೀಗವಿಲ್ಲದ ಮನೆಯನ್ನು ಸಂತೆಯಲ್ಲಿ ಇಟ್ಟ ಹಾಗೆ. ಅದಕ್ಕೇ ಈ ವರ್ಚುವಲ್ ಮಷೀನಿಗೆ ನೆಟ್‌ವರ್ಕ್ ಕಾರ್ಡನ್ನೇ ಕೊಟ್ಟಿಲ್ಲ.

ಫೈಲ್ ಹೊರಗೆ ತರಲು ಎಕ್ಸ್‌ಪಿಗೆ ಗೊತ್ತಿರುವ ಹಳೆಯ ಎಸ್‌ಎಂಬಿ 1 ದಾರಿಯನ್ನು ನ್ಯಾಸ್‌ನಲ್ಲಿ ಆನ್ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟಾರು. ಬೇಡ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಕಂಪ್ಯೂಟರುಗಳಿಗೆ ಬೀಗ ಜಡಿದ ವಾನಾಕ್ರೈ ಹರಡಿದ್ದು ಅದೇ ದಾರಿಯಲ್ಲಿ. ಡಾಂಗಲ್‌ನಂತೆ ಒಂದು ಪೆನ್‌ಡ್ರೈವನ್ನೂ ಎಕ್ಸ್‌ಪಿಗೆ ವಹಿಸಿದರೆ ಕೆಲಸ ಮುಗಿಯಿತು. ಕಾಕಾನಿಗೂ ಪೆನ್‌ಡ್ರೈವ್ ಅಂದರೆ ಹೊಸದೇನಲ್ಲ.

ಇನ್ನೊಂದು ಮಾತು. ಇಂಥ ಒಂದೇ ಕೆಲಸಕ್ಕೆಂದು ನ್ಯಾಸ್ ಕೊಳ್ಳಬೇಡಿ. ಲ್ಯಾಪ್‌ಟಾಪಿನಲ್ಲಿ ಉಚಿತ ವರ್ಚುವಲ್‌ಬಾಕ್ಸ್ ಹಾಕಿಕೊಂಡರೂ ನಡೆಯುತ್ತದೆ. ಆದರೆ ಲ್ಯಾಪ್‌ಟಾಪ್ ಕೈ ಬದಲಾಗುತ್ತದೆ, ಮಕ್ಕಳು ಗೇಮ್ ಹಾಕುತ್ತಾರೆ, ಮೂರು ವರ್ಷಕ್ಕೆ ಹಳತಾಗುತ್ತದೆ. ಒಂದೇ ಕಡೆ ಕೂತಿರುವ, ಎರಡು ಡಿಸ್ಕಿನಲ್ಲೂ ಒಂದೇ ಡೇಟಾ ಬರೆದುಕೊಳ್ಳುವ ಪೆಟ್ಟಿಗೆ ಅಂಗಡಿಗೆ ಸರಿಹೋಯಿತು.

ದೀಪಕ್ಕೂ ಭೂಮಿ ಬೇಕು

ಮೂರನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು, ನ್ಯಾಸ್ ಧಪ್ ಅಂತ ಆರಿತು. ಎಕ್ಸ್‌ಪಿ ಮತ್ತೆ ಎದ್ದಿತಾದರೂ ಅರ್ಧ ಗಂಟೆ ಡಿಸ್ಕ್ ಪರೀಕ್ಷೆ ಮಾಡುತ್ತ ಕೂತಿತು. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ವರ್ಚುವಲ್ ಡಿಸ್ಕಿನ ಫೈಲೇ ಕೆಡಬಹುದು. ಮಷೀನ್ ಕೂರಿಸಿದೆ ಎಂಬ ಖುಷಿಯಲ್ಲಿ ಅದು ನಡೆಯುವುದು ಹೇಗೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಆಗ ಶಾಸನದ ಉಳಿದರ್ಧ ನೆನಪಾಯಿತು. ಶಾಲೆ ಕಟ್ಟಿ, ಮನೆ ಬಿಟ್ಟು ಅವರು ಸುಮ್ಮನಾಗಲಿಲ್ಲ. ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಕಲಿಸುವ ಗುರುವಿಗೆ 50 ನಿವರ್ತನ ಭೂಮಿ ಅಂತ ಬರೆಸಿಟ್ಟರು. ಕಟ್ಟುವುದು ಒಂದು ಸಲದ ಕೆಲಸ, ಎಣ್ಣೆ ದಿನಾ ಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಇಂಡಿಗೆ ಹೋಗಿ ಯುಪಿಎಸ್ ತಂದೆ. ಅದರ ಯುಎಸ್‌ಬಿ ಕೇಬಲ್ಲನ್ನು ನ್ಯಾಸ್‌ಗೆ ಜೋಡಿಸಿದರೆ, ಕರೆಂಟ್ ಹೋದಾಗ ಸುದ್ದಿ ಮುಟ್ಟುತ್ತದೆ. ನ್ಯಾಸ್ ಮೊದಲು ವರ್ಚುವಲ್ ಮಷೀನನ್ನು ಮಲಗಿಸಿ, ಆಮೇಲೆ ತಾನು ಆಫ್ ಆಗುತ್ತದೆ.

ಆಮೇಲೆ ಬ್ಯಾಕಪ್. ಸ್ನ್ಯಾಪ್‌ಶಾಟ್ ತೆಗೆದರೆ ನಿನ್ನೆಯ ಸ್ಥಿತಿಗೆ ಹಿಂದಿರುಗಬಹುದು ನಿಜ, ಆದರೆ ಅದು ಇರುವುದೂ ಅದೇ ಪೆಟ್ಟಿಗೆಯಲ್ಲಿ. ಎರಡು ಡಿಸ್ಕ್ ಇದ್ದರೂ ಕಳ್ಳತನ, ಬೆಂಕಿ, ಸಿಡಿಲಿಗೆ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೇ ತಿಂಗಳಿಗೊಮ್ಮೆ ಮಷೀನ್ ನಿಲ್ಲಿಸಿ, ಅದರ ಪ್ರತಿಯನ್ನು ಒಂದು ಬಿಡಿ ಹಾರ್ಡ್ ಡಿಸ್ಕಿಗೆ ಹಾಕಿ ಕಾಕಾ ಮನೆಯ ಕಪಾಟಿನಲ್ಲಿ ಇಡುತ್ತಾರೆ. ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ನನ್ನ ಹತ್ತಿರ.

ಇನ್ನು ಗುರುವಿನ ಪಾಲು. ನಾನು ಇರುವುದು ಬೆಂಗಳೂರಿನಲ್ಲಿ, ಅದು ಕೆಡುವುದು ಸಾಲೋಟಗಿಯಲ್ಲಿ. ಹೊರಡುವ ಮುಂಚೆ ಎಲ್ಲವನ್ನೂ ಆಫ್ ಮಾಡಿ, "ಈಗ ನೀವೇ ಚಾಲೂ ಮಾಡ್ರಿ ಕಾಕಾ" ಅಂದೆ. ಎರಡು ಸಲ ತಪ್ಪಿದರು, ಮೂರನೇ ಸಲ ಆಯಿತು. ಹಂತಗಳನ್ನು ತಮ್ಮದೇ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ. ನಾನು ಮಾಡಿಕೊಟ್ಟ ಪಿಡಿಎಫ್‌ಗಿಂತ ಅದು ಚೆನ್ನಾಗಿದೆ.

ಎಂಟು ಪುಟ

ಅಜ್ಜನ ಮೂರು ಫೈಲುಗಳಲ್ಲಿ ಎರಡು ತೆರೆದವು. ಮೂರನೆಯದು ತೆರೆಯಲಿಲ್ಲ. ಓದಲು ಬಾರದ ಆ ತುಣುಕುಗಳಲ್ಲಿ ಕೆಲವು ಅದರ ಹೊಟ್ಟೆಯಲ್ಲೇ ಇದ್ದವು. ನನಗೆ ಗೊತ್ತಿದ್ದ ಉಪಾಯವೆಲ್ಲ ಮುಗಿಯಿತು.

ಕಾಕಾ ಏನೂ ಅನ್ನಲಿಲ್ಲ. ಅಂಗಡಿಯ ಅಟ್ಟ ಹತ್ತಿ, ದೂಳು ಹಿಡಿದ ಒಂದು ಕಟ್ಟು ಇಳಿಸಿದರು. ಆ ಭಾಗದ ಹಳೇ ಪ್ರೂಫ್, 81ರಿಂದ 104ರವರೆಗೆ. ಅಂಚಿನಲ್ಲಿ ಅಜ್ಜ ಹೇಳಿದ ತಿದ್ದುಪಡಿಗಳನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದರು.

ಕೊನೆಯ ಎಂಟು ಪುಟ ಎಲ್ಲೂ ಸಿಗಲಿಲ್ಲ. ಅಜ್ಜನ ಮೇಳದಲ್ಲಿ ಹಾಡುತ್ತಿದ್ದ ಇಬ್ಬರು ಇನ್ನೂ ಇದ್ದಾರೆ. ಕಾಕಾ ಈಗ ರವಿವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಎಕ್ಸ್‌ಪಿಯ ಟ್ಯಾಬನ್ನು ಒಂದು ಬದಿಗೆ ತೆರೆದಿಟ್ಟು, ಇಡೀ ಪುಸ್ತಕವನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡುತ್ತಿದ್ದಾರೆ. ಹೋದ ವಾರ ಫೋನ್ ಮಾಡಿ, "ಅರವತ್ತು ಪುಟ ಆತು ತಮ್ಮಾ, ಮೂರು ಕಡೆ ಕಾಪಿ ಇಟ್ಟೇನಿ" ಅಂದರು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದ್ದೀತು. ಅಪ್ಪನ ಅಂಗಡಿಯ ಲೆಕ್ಕ, ಅತ್ತೆಯ ಪಾಠದ ನೋಟ್ಸ್, ಮದುವೆಯ ವಿಡಿಯೊ ಏನಾದರೂ ಅದರಲ್ಲಿ ಇರಬಹುದು. ಈ ಸಲ ಊರಿಗೆ ಹೋದಾಗ ಅದು ಚಾಲೂ ಇರುವಾಗಲೇ ಒಂದು ಪ್ರತಿ ತೆಗೆದುಕೊಳ್ಳಿ. ವರ್ಚುವಲ್ ಮಷೀನ್ ಆಮೇಲೆ ಮಾಡಿದರಾಯಿತು.